ಲೈನ್ ಕ್ಲಿಯರ್ ಇಲ್ಲದೆ ವೈಫೈ ಮುಟ್ಟಬಾರದು

ವೈಫೈ ಆಫ್ ಮಾಡಲು ಲಿಖಿತ ಅನುಮತಿ ಬೇಕಾದ ಮನೆ ಇಡೀ ಭೂಮಂಡಲದಲ್ಲಿ ಒಂದೇ ಒಂದಿದೆ. ಅದು ಹೊಸನಗರದಲ್ಲಿದೆ. ಆ ಮನೆಯ ಯಜಮಾನರು ನನ್ನ ಸೋದರಮಾವ. ಹೆಸರು ಮಾತ್ರ ಕೇಳಬೇಡಿ. ಅದನ್ನು ಹೇಳುವುದಕ್ಕೂ ನಾನು ಮೊದಲೇ ಅರ್ಜಿ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕಾಗುತ್ತದೆ!

ಮಾವ ನಿವೃತ್ತರಾಗಿ ಆರು ವರ್ಷವಾಯಿತು ಎಂದು ಊರೆಲ್ಲ ನಂಬಿದೆ. ಪೆನ್ಷನ್ ಕೊಡುವವರೂ ನಂಬಿದ್ದಾರೆ. ನಂಬದಿರುವವರು ಮಾವ ಒಬ್ಬರೇ. ಮಾಸ್ತಿಕಟ್ಟೆಯ ಕಾಲೋನಿಯಲ್ಲಿದ್ದುಕೊಂಡು, ನೆಲದೊಳಗಿನ ಪವರ್‌ಹೌಸಿನಲ್ಲಿ ಮೂವತ್ತೆರಡು ವರ್ಷ ಶಿಫ್ಟ್ ಆಪರೇಟರ್ ಆಗಿದ್ದವರು ಅವರು. ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯುವುದು, ಯಾರಾದರೂ ಲೈನಿನ ಮೇಲೆ ಕೆಲಸ ಮಾಡುವುದಿದ್ದರೆ ಕರೆಂಟ್ ತೆಗೆದು 'ಲೈನ್ ಕ್ಲಿಯರ್' ಚೀಟಿ ಕೊಡುವುದು, ಆ ಚೀಟಿ ವಾಪಸ್ ಕೈಗೆ ಬರುವವರೆಗೆ ಸಾಕ್ಷಾತ್ ದೇವರೇ ಬಂದು ಹೇಳಿದರೂ ಸ್ವಿಚ್ ಹಾಕದಿರುವುದು, ಇದು ಅವರ ಕೆಲಸವಾಗಿತ್ತು. ಒಳ್ಳೆಯ ಕೆಲಸವೇ. ಎಷ್ಟೋ ಜನರ ಜೀವ ಉಳಿಸಿದ ಕಟ್ಟುನಿಟ್ಟು ಅದು. ಆದರೆ ಅದನ್ನೇ ತಂದು ಮಿಕ್ಸಿಗೂ ಹಚ್ಚಿದರೆ ಮನೆಯವರ ಗತಿ ಏನು?

ಅತ್ತೆ ಮಿಕ್ಸಿ ಒರೆಸಬೇಕೆಂದರೆ ಮಾವ ಪ್ಲಗ್ ಕಿತ್ತು, ಒಂದು ಚೀಟಿ ಬರೆದು ಕೊಡುತ್ತಾರೆ. ಒರೆಸಿ ಆದ ಮೇಲೆ ಅತ್ತೆ ಅದಕ್ಕೆ 'ಕೆಲಸ ಮುಗಿದಿದೆ, ಮನುಷ್ಯರು ಮತ್ತು ಸಾಮಾನು ತೆಗೆಯಲಾಗಿದೆ' ಎಂದು ಸಹಿ ಹಾಕಿ ಹಿಂದಿರುಗಿಸಬೇಕು. ಒಮ್ಮೆ ಅತ್ತೆ ಆ ಚೀಟಿಯ ಮೇಲೆ ಒಗ್ಗರಣೆ ಪಾತ್ರೆ ಇಟ್ಟು ಸುಟ್ಟುಬಿಟ್ಟರು. ಆ ದಿನ ಮನೆಯಲ್ಲಿ ಚಟ್ನಿಯಿಲ್ಲ. ಬಂದ ನೆಂಟರೆಲ್ಲ ದೋಸೆಗೆ ಸಕ್ಕರೆ ನಂಚಿಕೊಂಡು ತಿಂದರು.

ಇನ್ನೊಮ್ಮೆ ಮಾವನ ಮಗಳ ನಿಶ್ಚಿತಾರ್ಥ. ಹುಡುಗನ ಕಡೆಯವರು ಸಾಗರದಿಂದ ಬಂದಿದ್ದರು. ಮೇ ತಿಂಗಳ ಮಟಮಟ ಮಧ್ಯಾಹ್ನ, ಮೂವತ್ತು ಜನ ಒಂದೇ ಹಾಲಿನಲ್ಲಿ, ಮೂರು ಫ್ಯಾನ್ ಇದೆ, ಒಂದೂ ತಿರುಗುತ್ತಿಲ್ಲ! ಬೀಗರು ಶಾಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಸ್ವಿಚ್ ಬೋರ್ಡಿನ ಹತ್ತಿರ ಹೋದರು, ನೋಡಿದರು, ಸುಮ್ಮನೆ ಹಿಂದೆ ಬಂದು ಕೂತರು. ಇನ್ನಿಬ್ಬರೂ ಹಾಗೇ ಹೋಗಿ ಹಾಗೇ ಬಂದರು. ಕೊನೆಗೆ ನಾನು ಹೋಗಿ ನೋಡಿದರೆ ಅಲ್ಲಿ ಕೆಂಪು ತಗಡು ನೇತಾಡುತ್ತಿದೆ: 'ಸ್ವಿಚ್ ಹಾಕಬೇಡಿ. ಮೇಲೆ ಮನುಷ್ಯರಿದ್ದಾರೆ.' ಬೆಳಿಗ್ಗೆ ಫ್ಯಾನಿನ ಧೂಳು ಹೊಡೆಯಲು ಮಾವ ತೂಗುಹಾಕಿದ್ದು. ತೆಗೆಯಲು ಮರೆತಿದ್ದರು. ಅಷ್ಟು ಹೊತ್ತೂ ಬೀಗರು ತಲೆಯೆತ್ತಿ, ಮೇಲೆ ಯಾವ ಮನುಷ್ಯರಿದ್ದಾರೆ ಎಂದು ಹುಡುಕುತ್ತಿದ್ದರಂತೆ.

ಇಂಥ ಮನೆಗೆ ಇಂಟರ್ನೆಟ್ ಬಂತು. ಬಂದಿದ್ದು ಮಾವನಿಗಾಗಿ ಅಲ್ಲ, ಅತ್ತೆಗಾಗಿ.

ಅತ್ತೆಗೆ ತೀರ್ಥಹಳ್ಳಿಯಲ್ಲಿ ಒಬ್ಬಳು ತಂಗಿ. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಅಕ್ಕತಂಗಿಯರಿಬ್ಬರೂ ಚಿಕ್ಕವರಿದ್ದಾಗಲೇ ತಮ್ಮದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಅದು ಯಾವ ಶಾಲೆಯಲ್ಲೂ ಕಲಿಸುವ ಭಾಷೆಯಲ್ಲ. ಮೂಗಿನ ತುದಿ ಮುಟ್ಟಿದರೆ ಅವರ ಸೋದರತ್ತೆ, ಮೊಣಕೈ ತಟ್ಟಿದರೆ ಸೋಮವಾರ, ಕಿವಿಯ ಹಿಂದೆ ಕೆರೆದುಕೊಂಡರೆ 'ಇವರು ಹೋದ ಮೇಲೆ ಹೇಳ್ತೀನಿ'. ತಂಗಿಯ ಗಂಡನಿಗೆ ಊಟ, ನಿದ್ದೆ, ಪೇಟೆ ಇಷ್ಟು ಅರ್ಥವಾಗುತ್ತದೆ. ಮಿಕ್ಕಿದ್ದೆಲ್ಲ ಅಕ್ಕನಿಗೇ ಆಗಬೇಕು. ಮಾವನ ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ. ಅದರಲ್ಲಿ ಮಾತು ಹೇಗೋ ದಾಟುತ್ತದೆ, ಮುಖ ದಾಟುವುದಿಲ್ಲ. ಮಾತು ದಾಟಿ ಈ ಇಬ್ಬರಿಗೆ ಏನು ಪ್ರಯೋಜನ ಹೇಳಿ? ಹಾಗಾಗಿ ವೈಫೈ. ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ವಿಡಿಯೋ ಕಾಲ್. ಒಂದು ಗಂಟೆ ಸದ್ದಿಲ್ಲದ ಹರಟೆ, ನಡುನಡುವೆ ಜೋರು ನಗು. ಮಾವನ ದನಿಯಂತೂ ಟರ್ಬೈನಿನ ಗದ್ದಲದಲ್ಲಿ ಬೆಳೆದದ್ದು. ಅವರು ಪಿಸುಗುಟ್ಟಿದರೂ ಪಕ್ಕದ ಮನೆಯವರು "ಎಂತ?" ಎಂದು ಕೇಳುತ್ತಾರೆ. 'ನಿನ್ನ ಗಂಡನ ಮಾತು ಮಾತ್ರ ನನಗೂ ಕೇಳಿಸ್ತದೆ' ಎಂದು ಆ ತಂಗಿಯೇ ಕೈಸನ್ನೆಯಲ್ಲಿ ಹೇಳಿ ಬಿದ್ದುಬಿದ್ದು ನಗುತ್ತಾಳೆ.

ಈ ಸಲ ಮಳೆಗಾಲಕ್ಕೆ ಮೊದಲು ಒಂದು ಗುಡುಗು ಬಂತು. ಸಿಡಿಲು ಎಲ್ಲೋ ಬಿತ್ತು, ರೂಟರ್ ಇಲ್ಲಿ ಸತ್ತಿತು. ಮಾವನಿಗೆ ಆದ ಅವಮಾನ ಅಷ್ಟಿಷ್ಟಲ್ಲ. "ಮೂವತ್ತೆರಡು ವರ್ಷದಲ್ಲಿ ನನ್ನ ಶಿಫ್ಟಲ್ಲಿ ಒಂದು ಮೆಷಿನ್ ಸುಟ್ಟಿಲ್ಲ ಮಾರಾಯ್ತಿ! ಈಗ ಒಂದು ಪ್ಲಾಸ್ಟಿಕ್ ಡಬ್ಬಿ ಸುಟ್ಟು ಮರ್ಯಾದೆ ತೆಗೀತು!" ಎಂದು ಫೋನಿನಲ್ಲಿ ಅಬ್ಬರಿಸಿದರು. ನಾನು ಸಾಗರದ ಒಂದು ಕಾಲೇಜಿನ ಗ್ರಂಥಪಾಲಕಿ. ನನ್ನ ಮೇಜಿನ ಮೇಲೆ 'ನಿಶ್ಶಬ್ದ' ಎಂಬ ಫಲಕವಿದೆ. ಮಾವನ ಫೋನ್ ಬಂದಾಗಲೆಲ್ಲ ಓದುತ್ತಿದ್ದ ಮಕ್ಕಳು ಒಮ್ಮೆ ಫಲಕವನ್ನು, ಒಮ್ಮೆ ನನ್ನನ್ನು ನೋಡುತ್ತಾರೆ.

ಹೊಸ ರೂಟರ್ ಬಂತು. ಮಾವ ಹೇಳಿದರು, "ಈ ಸಲ ಬಂದೋಬಸ್ತ್ ಮಾಡಿದೀನಿ ಕಣೇ. ಸರಿಯಾದ ಪ್ಯಾನೆಲ್, ಸರಿಯಾದ ಅರ್ತಿಂಗ್. ಇನ್ನು ಸಿಡಿಲಪ್ಪ ಬರ್ಲಿ." ಪ್ಯಾನೆಲ್ ಎಂದರೆ ಏನೋ ಸ್ವಿಚ್ ಬೋರ್ಡ್ ಇರಬೇಕು ಎಂದುಕೊಂಡು "ಒಳ್ಳೇದಾಯ್ತು ಮಾವ" ಎಂದೆ. ಆ ಒಂದು 'ಒಳ್ಳೇದಾಯ್ತು' ನನಗೆ ಎಷ್ಟು ದುಬಾರಿಯಾಯಿತೆಂದು ಮುಂದೆ ನೋಡಿ.

ಮರುದಿನದಿಂದಲೇ ನೆಟ್ ಇಲ್ಲ. ನಮ್ಮ ವಂಶದಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ ಎಂಬ ಖ್ಯಾತಿ ಇದೆ. ಹಿಂದೊಮ್ಮೆ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದಿದ್ದೆ, ಅಷ್ಟೇ! ಅಲ್ಲಿಂದ ಶುರುವಾಯಿತು ಫೋನಿನ ಚಿಕಿತ್ಸೆ.

"ಮಾವ, ಲೈಟ್ ಹೇಗಿದೆ ನೋಡಿ."

ಎಲ್ಲೋ ಬೀಗ ತೆಗೆದ ಸದ್ದು. ಕಿರ್ರ್ ಎಂದಿತು ಏನೋ. "ಪವರ್ ಹಸಿರು. ಇಂಟರ್ನೆಟ್ ಹಸಿರು. ವೈಫೈ ಹಸಿರು. ಎಲ್ಲ ನಾರ್ಮಲ್!"

"ಅತ್ತೆ ಫೋನಲ್ಲಿ ಬರ್ತಿದ್ಯಾ ಕೇಳಿ."

"ಏಯ್, ಬಂತನೇ?" ಒಳಗಿನಿಂದ ಅತ್ತೆಯ ದನಿ: "ಬಂತು, ಬಂತು!"

"ನೋಡು, ನಿನ್ ಹತ್ರ ಮಾತಾಡಿದ್ದೇ ಸರಿಯಾಯ್ತು. ನಿನ್ನ ಕೈಗುಣ ಒಳ್ಳೇದು" ಎಂದು ಮಾವ ಫೋನಿಟ್ಟರು. ಹತ್ತು ನಿಮಿಷಕ್ಕೆ ಮತ್ತೆ ಫೋನ್. ಹೋಯಿತಂತೆ!

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮಾವ" ಎಂದೆ. ಮಾವ ನಡುಗುವ ದನಿಯಲ್ಲಿ ಕೇಳಿದರು: "ಓಡ್ತಾ ಇರೋ ಮೆಷಿನ್ನ ಸುಮ್ ಸುಮ್ನೆ ಟ್ರಿಪ್ ಮಾಡೋದಾ? ನಿಂಗೆ ಯಾರು ಕಲಿಸಿದ್ದು ಇದನ್ನ?" ಜಗತ್ತಿಗೆಲ್ಲ ಗೊತ್ತಿರುವ ಆ ಒಂದೇ ಔಷಧಿಗೆ ಮಾವನಲ್ಲಿ ಅನುಮತಿ ಸಿಗಲು ಎರಡು ದಿನ ಹಿಡಿಯಿತು. ಆಫ್ ಮಾಡಿದರು, ಆನ್ ಮಾಡಿದರು. ಬಂತು. ಹೋಯಿತು.

ಕೇಬಲ್ಲಿನವರು ಬಂದರು. ಅರ್ಧ ಗಂಟೆ ಕೂತು ಮೊಬೈಲಿನಲ್ಲಿ ಏನೇನೋ ಒತ್ತಿ, ಎರಡು ಹಾಡು ನೋಡಿ, ಚಾ ಕುಡಿದು, "ಎಂತ ಪ್ರಾಬ್ಲಮ್ಮೂ ಇಲ್ವಲ್ಲ ಸಾರ್" ಎಂದು ಹೋದರು. ಅವರ ಬೈಕ್ ತಿರುವು ದಾಟುವುದರೊಳಗೆ ನೆಟ್ ಹೋಯಿತು. ಮತ್ತೆ ಬಂದರು. ಮತ್ತೆ ಎಲ್ಲ ಸರಿ! ಮೂರನೆಯ ಸಲ ಬಂದಾಗ ಅವರೇ ಹೆದರಿದ್ದರು. "ಅಮ್ಮಾ, ನನ್ನ ಕಂಡ್ರೆ ಬರ್ತದೆ, ನಾನು ಹೋದ್ರೆ ಹೋಗ್ತದೆ. ಇದು ಕೇಬಲ್ಲಿನ ದೋಷ ಅಲ್ಲ" ಎಂದು ದೇವರ ಕೋಣೆಯ ಕಡೆ ನೋಡಿದರಂತೆ. ಅತ್ತೆ ಅಲ್ಲಿಯೇ ಒಂದು ತೆಂಗಿನಕಾಯಿ ಹೇಳಿಕೊಂಡರು.

ಇಷ್ಟರವರೆಗೆ ಇದು ನನಗೆ ತಮಾಷೆಯೇ ಆಗಿತ್ತು. ಒಂದು ಬುಧವಾರ ಅತ್ತೆಯೇ ಫೋನ್ ಮಾಡಿದರು.

ತೀರ್ಥಹಳ್ಳಿಯ ತಂಗಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲು ಬಲಗಣ್ಣಿನ ಆಪರೇಷನ್ ಎಂದು ಡಾಕ್ಟರು ಶನಿವಾರಕ್ಕೆ ದಿನ ಕೊಟ್ಟಿದ್ದರು. ಗಂಡ ಸನ್ನೆ ಮಾಡಿ ಹೇಳಲು ಹೋಗಿ ಎಡವಟ್ಟು ಮಾಡಿಟ್ಟಿದ್ದ. ಕಣ್ಣು ತೋರಿಸಿ, ಕತ್ತರಿಯ ಸನ್ನೆ ಮಾಡಿ, ತೆಗೆದು ಬಿಸಾಕುವ ಸನ್ನೆ ಮಾಡಿದ್ದನಂತೆ, ಪುಣ್ಯಾತ್ಮ! ಆಕೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಬರೆದು ತೋರಿಸೋಣವೆಂದರೆ ಅಕ್ಷರ ಕಲಿತವಳಲ್ಲ. ಕಣ್ಣೇ ಕಿವಿ, ಕಣ್ಣೇ ಮಾತು ಆಗಿರುವವಳಿಗೆ ಕಣ್ಣು ಕೀಳುತ್ತಾರೆ ಎಂದರೆ ಹೇಗಾಗಬೇಡ? ಅಕ್ಕ ಹೇಳಿದರೆ ಮಾತ್ರ ನಂಬುತ್ತಾಳೆ. ಅಕ್ಕನೋ, ಅಂಗಳದಲ್ಲಿ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದಾರೆ. ತಂಗಿಗೆ ಬಸ್ ಹತ್ತಿದರೆ ವಾಂತಿ, ಕಾರಿನ ಬಾಗಿಲು ತೆರೆದರೂ ವಾಂತಿ. ಇಪ್ಪತ್ತು ವರ್ಷದಿಂದ ತೀರ್ಥಹಳ್ಳಿ ಪೇಟೆ ದಾಟಿದವಳಲ್ಲ.

"ಹನ್ನೊಂದು ದಿನ ಆಯ್ತು ಕಣೇ ಅವಳ ಹತ್ರ ಮಾತಾಡ್ದೆ" ಎಂದರು ಅತ್ತೆ. "ದಿನಾ ನಾಲ್ಕಕ್ಕೆ ಸರಿಯಾಗಿ ಅವಳ ಮುಖ ಬರ್ತದೆ. ನಾನು ಕೈ ಎತ್ತೋದ್ರೊಳಗೆ ನಿಂತು ಹೋಗ್ತದೆ. ನಂಗೆ ಕೈಯೂ ಬಿದ್ದುಹೋಗಿದೆ ಅಂದ್ಕೊಂಡಿದಾಳಂತೆ." ಹೇಳುತ್ತಾ ಅತ್ತೆ ಅತ್ತುಬಿಟ್ಟರು. ಪ್ಲಾಸ್ಟರ್ ಹಾಕುವಾಗಲೂ ಅಳದ ಹೆಂಗಸು.

ನಾನು ರಜೆ ಬರೆದು, ಮರುದಿನ ಬೆಳಿಗ್ಗೆಯೇ ಹೊಸನಗರದ ಬಸ್ ಹತ್ತಿದೆ.

ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ಹಾಲಿನ ಗೋಡೆಗೆ ಬೂದು ಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ. ನನ್ನ ಎದೆಯೆತ್ತರ ಇದೆ! ಮೇಲೆ ತಲೆಬುರುಡೆ, ಎರಡು ಮೂಳೆ, 'ಅಪಾಯ' ಎಂಬ ಫಲಕ. ಕೆಳಗೆ ನಿಲ್ಲಲು ಕಪ್ಪು ರಬ್ಬರ್ ಮ್ಯಾಟ್. ಬಾಗಿಲಿಗೆ ಬೀಗ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಲಾಗ್‌ಬುಕ್.

"ಮಾವ, ಇದರೊಳಗೆ ಎಂತ ಇದೆ?"

"ರೂಟರ್!" ಎಂದರು ಮಾವ, ಎದೆಯುಬ್ಬಿಸಿ. "ಗುಜರಿ ಅಂಗಡೀಲಿ ಹಳೇ ಪ್ಯಾನೆಲ್ ಸಿಕ್ತು. ತಗಡಿನ ಗೇಜ್ ನೋಡು, ತಟ್ಟಿ ನೋಡು. ಈಗಿನವರು ಇಂಥದ್ದು ಮಾಡಲ್ಲ. ತೆಂಗಿನಮರದ ಬುಡದಲ್ಲಿ ಅರ್ತ್ ಪಿಟ್ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದೀನಿ. ಒಂದು ಇಲಿ, ಒಂದು ಹಲ್ಲಿ, ಒಂದು ಸಿಡಿಲು ಒಳಗೆ ಹೋಗಕ್ಕಾಗಲ್ಲ."

ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪ್ರಿಂಟರಿನ ಕಾಗದ ಎಳೆದವಳ ಬುದ್ಧಿ ಇಷ್ಟೇ ನೋಡಿ! ನಾನು ಲಾಗ್‌ಬುಕ್ಕಿನ ಆ ದಿನದ ಪುಟ ನೋಡಿದೆ. ಬೆಳಿಗ್ಗೆ ಆರರಿಂದ ಗಂಟೆಗೊಂದು ಸಾಲು: ಪವರ್ ಹಸಿರು, ಇಂಟರ್ನೆಟ್ ಹಸಿರು, ವೈಫೈ ಹಸಿರು, ಸಹಿ. ಮುಖಪುಟದ ಒಳಗೆ ದೊಡ್ಡ ಅಕ್ಷರದಲ್ಲಿ: 'ಅಡಚಣೆ: ಇಲ್ಲ.' ದಾಖಲೆಯ ಪ್ರಕಾರ ಆ ಮನೆಯಲ್ಲಿ ನೆಟ್ ಒಂದು ನಿಮಿಷವೂ ಹೋಗಿಲ್ಲ!

ಅತ್ತೆಯ ಮಂಚದ ಪಕ್ಕ ಕೂತು ಅವರ ಫೋನು ಹಿಡಿದುಕೊಂಡೆ. ನೆಟ್ ಇಲ್ಲ. ಹನ್ನೊಂದು ಗಂಟೆ ಹೊಡೆಯಿತು. ಫೋನು ಟಿಂಗ್ ಟಿಂಗ್ ಟಿಂಗ್ ಎಂದು ಏಳೆಂಟು ಮೆಸೇಜು ಉದುರಿಸಿ ಮತ್ತೆ ಸುಮ್ಮನಾಯಿತು. "ಅದು ಹಾಗೇ" ಎಂದರು ಅತ್ತೆ, "ಗಂಟೆಗೊಂದ್ಸಲ ಉಸಿರು ಬಿಡ್ತದೆ." ಹನ್ನೆರಡು ಹೊಡೆಯಿತು. ಹಾಲಿನಲ್ಲಿ ಬೀಗದ ಸದ್ದು, ಕಿರ್ರ್. ಇಲ್ಲಿ ಟಿಂಗ್ ಟಿಂಗ್ ಟಿಂಗ್. ಅಲ್ಲಿ ದಢಾರ್. ಇಲ್ಲಿ ಮೌನ.

ಅಯ್ಯೋ ಮಾವ!

ಎಷ್ಟು ಸುಲಭ ಇತ್ತು ನೋಡಿ. ಸಿಡಿಲನ್ನು ಒಳಗೆ ಬಿಡದ ಕಬ್ಬಿಣ ವೈಫೈಯನ್ನು ಹೊರಗೆ ಬಿಡುತ್ತದೆಯೇ? ಲೈಟ್ ನೋಡಲು ಬಾಗಿಲು ತೆಗೆದಾಗ ನೆಟ್ ಬರುತ್ತಿತ್ತು, ಬರೆದು ಬಾಗಿಲು ಹಾಕಿದಾಗ ಹೋಗುತ್ತಿತ್ತು. ಕೇಬಲ್ಲಿನವರ ಎದುರು ಬಾಗಿಲು ತೆರೆದೇ ಇತ್ತು. ನಾಲ್ಕು ಗಂಟೆಗೆ ಒಂದು ನಿಮಿಷ ತಂಗಿಯ ಮುಖ ಬರುತ್ತಿದ್ದದ್ದು ಮಾವನ ನಾಲ್ಕು ಗಂಟೆಯ ರೀಡಿಂಗಿಗೆ! ರೂಟರನ್ನು ಇಷ್ಟು ಜೋಪಾನ ಮಾಡಿದ ಮನುಷ್ಯನೇ ಹನ್ನೆರಡು ದಿನದಿಂದ ದಿನಾ ಹೆಂಡತಿಯ ಎದುರು ಬಾಗಿಲು ಮುಚ್ಚುತ್ತಿದ್ದ.

ಇದನ್ನು ಮಾವನಿಗೆ ಹೇಳುವುದು ಹೇಗೆ? ನೇರ ಹೇಳಲು ನನಗೆ ಬಾಯಿ ಬರಲಿಲ್ಲ. ಅವರದೇ ದಾರಿಯಲ್ಲಿ ಹೋದೆ. "ಮಾವ, ನಂಗೊಂದು ಲೈನ್ ಕ್ಲಿಯರ್ ಬೇಕು."

ಮಾವನ ಮುಖ ಅರಳಿತು. ಇಷ್ಟು ವರ್ಷದಲ್ಲಿ ನಮ್ಮ ವಂಶದವರೊಬ್ಬರು ತಾವಾಗಿಯೇ ಕೇಳಿದ್ದು ಇದೇ ಮೊದಲು! ಕನ್ನಡಕ ಹಾಕಿಕೊಂಡು, ಚೀಟಿ ತೆಗೆದು, ಗಂಭೀರವಾಗಿ ಕೇಳಿದರು: "ಉಪಕರಣ?"

"ರೂಟರ್."

"ಮಾಡುವ ಕೆಲಸ?"

"ಪೆಟ್ಟಿಗೆಯಿಂದ ಹೊರಗೆ ತೆಗೆಯುವುದು."

ಪೆನ್ನು ನಿಂತಿತು. "ಯಾಕೆ?"

ಹೇಳಿದೆ. ಮಾವ ವಾದಿಸಲಿಲ್ಲ. ಎದ್ದು ಹೋಗಿ ರಬ್ಬರ್ ಮ್ಯಾಟಿನ ಮೇಲೆ ನಿಂತರು. ಬಾಗಿಲು ತೆಗೆದರು. "ಏಯ್, ಬಂತನೇ?" "ಬಂತು." ಹಾಕಿದರು. "ಈಗ?" "ಹೋಯ್ತು." ತೆಗೆದರು, ಹಾಕಿದರು, ತೆಗೆದರು, ಹಾಕಿದರು. ಏಳು ಸಲ. ಏಳನೆಯ ಸಲ ಅವರ ದನಿ ಪಕ್ಕದ ಮನೆಗೆ ಕೇಳಿಸದಷ್ಟು ಸಣ್ಣದಾಗಿತ್ತು. ಆಮೇಲೆ ಲಾಗ್‌ಬುಕ್ ತೆಗೆದು, 'ಅಡಚಣೆ: ಇಲ್ಲ' ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದರು: 'ಹನ್ನೆರಡು ದಿನ. ಕಾರಣ: ಆಪರೇಟರ್.' ಸಹಿ ಹಾಕಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ರೂಟರ್ ಒಂದು ಹಲಸಿನ ಹಲಗೆಯ ಮೇಲೆ ಗೋಡೆ ಹತ್ತಿತು. ನಾಲ್ಕಕ್ಕೆ ಕಾಲ್. ತಂಗಿ ಬಂದಳು. ಅಳುತ್ತಾ, ಎರಡೂ ಕೈಯಲ್ಲಿ ಒಂದೇ ಸಮನೆ ಮಾತಾಡಿದಳು. ಅತ್ತೆ ಮೊದಲು ಎರಡು ಕೈ ಎತ್ತಿ ಹತ್ತೂ ಬೆರಳು ಆಡಿಸಿ ತೋರಿಸಿದರು: ನೋಡೇ, ಕೈ ಗಟ್ಟಿ ಇದೆ! ಆಮೇಲೆ ಆಪರೇಷನ್ ವಿಷಯ. ಕಣ್ಣಿನ ಪೊರೆಗೆ ಅವರ ಭಾಷೆಯಲ್ಲಿ ಸನ್ನೆ ಎಲ್ಲಿಂದ ಬರಬೇಕು? ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಎಡಗೈ ಮುಷ್ಟಿ ಮಾಡಿ ಎತ್ತಿ ಹಿಡಿದು, ಬಲಗೈಯ ಎರಡು ಬೆರಳು ಅದರೊಳಗೆ ತೂರಿಸಿ, ಗಿರಗಿರ ತಿರುಗಿಸಿದರು.

ತಂಗಿಯ ಅಳು ನಿಂತಿತು. ಅವಳೂ ಎಡಗೈ ಮುಷ್ಟಿ ಎತ್ತಿ ಅದೇ ಸನ್ನೆ ಮಾಡಿ, ಹೌದಾ ಎಂದು ಹುಬ್ಬೇರಿಸಿದಳು. ಹೌದು ಎಂದರು ಅತ್ತೆ. "ಲಾಟೀನು ಕಣೇ" ಎಂದು ನನಗೆ ಹೇಳಿದರು. "ನಮ್ಮನೇಲಿ ಕರೆಂಟ್ ಇರ್ಲಿಲ್ಲ. ದಿನಾ ಸಂಜೆ ಲಾಟೀನಿನ ಗಾಜಿನ ಮಸಿ ಒರೆಸೋದು ನಮ್ಮಿಬ್ಬರ ಕೆಲಸ. ದೀಪ ಯಾರೂ ಕೀಳಲ್ಲ, ಗಾಜು ಮಾತ್ರ ಒರೆಸ್ತಾರೆ ಅಂದೆ."

ಶನಿವಾರ ಆಪರೇಷನ್ ಆಯಿತು. ಭಾನುವಾರ ಅಲ್ಲಿ ಅವಳ ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ ನಾನು ಮತ್ತೆ ಹೊಸನಗರಕ್ಕೆ ಹೋಗಿದ್ದೆ. ಖಾಲಿ ಪ್ಯಾನೆಲ್ಲಿನಲ್ಲಿ ಅತ್ತೆ ಹಪ್ಪಳದ ಡಬ್ಬ ಇಡಿಸಿದ್ದರು. 'ಅಪಾಯ' ಫಲಕ ಹಾಗೇ ಇತ್ತು. ಹಪ್ಪಳ ತೆಗೆಯಲೂ ಚೀಟಿ ಬೇಕಂತೆ! ನಾಲ್ಕಕ್ಕೆ ತಂಗಿ ಕಪ್ಪು ಕನ್ನಡಕ ಏರಿಸಿ ಪರದೆಗೆ ಮುಖ ತಂದು, ಅಕ್ಕನ ಹಿಂದೆ ನಿಂತಿದ್ದ ಮಾವನನ್ನು ದಿಟ್ಟಿಸಿ, ಏನೋ ಸನ್ನೆ ಮಾಡಿದಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಂತಂತೆ?" ಎಂದರು ಮಾವ.

"ಭಾವ ಇಷ್ಟು ಮುದುಕ ಆಗಿದ್ದು ಯಾವಾಗ ಅಂತ ಕೇಳ್ತಿದಾಳೆ!"

ಮಾವ ಮೀಸೆ ಸವರಿಕೊಂಡು ಹೋಗಿ ಲಾಗ್‌ಬುಕ್ಕಿನಲ್ಲಿ ಬರೆದರು. ಏನು ಬರೆದಿರಬಹುದು? ಅವರು ಚಾ ಮಾಡಲು ಒಳಗೆ ಹೋದಾಗ ಕಾಲೆಳೆಯುವ ಆಸೆಯಿಂದ ನೋಡಿದೆ. 'ಷರಾ: ನಾದಿನಿಯ ದೃಷ್ಟಿ ಚೆನ್ನಾಗಿ ಬಂದಿದೆ.'

ನಗುತ್ತಾ ಹಿಂದಿನ ಪುಟಗಳನ್ನು ತಿರುವಿದೆ. ಆ ದಿನ ನಾನು ಲೈಟುಗಳ ಕಾಲಂ ಮಾತ್ರ ನೋಡಿದ್ದೆ, ಕೊನೆಯ ಷರಾ ಕಾಲಂ ನೋಡಿರಲಿಲ್ಲ. ನೆಟ್ ಇಲ್ಲದ ದಿನಗಳ ಪುಟಗಳು. ನಾಲ್ಕು ಗಂಟೆಯ ಸಾಲು. ಪವರ್ ಹಸಿರು, ಇಂಟರ್ನೆಟ್ ಹಸಿರು, ವೈಫೈ ಹಸಿರು. ಷರಾ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: 'ಇವತ್ತೂ ಮಾತಾಡಿಲ್ಲ.' ಮರುದಿನ: 'ಇವತ್ತೂ ಮಾತಾಡಿಲ್ಲ. ಊಟ ಬಿಟ್ಟಳು.' ಮರುದಿನ: 'ಇವತ್ತೂ ಮಾತಾಡಿಲ್ಲ.' ಒಂದು ದಿನವೂ ತಪ್ಪಿಸಿರಲಿಲ್ಲ.

"ಪರ್ಮಿಷನ್ ಇಲ್ದೆ ರೆಕಾರ್ಡ್ ಮುಟ್ಟಬಾರ್ದು" ಎನ್ನುತ್ತಾ ಮಾವ ಚಾ ಲೋಟ ನನ್ನ ಕೈಗಿಟ್ಟು ಪುಸ್ತಕ ತೆಗೆದುಕೊಂಡರು. ಅದನ್ನು ಮುಚ್ಚಿ, ಅವರಿಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದರು: "ಮೂವತ್ತೆರಡು ವರ್ಷ ನೆಲದೊಳಗೆ ಕೂತು ಕರೆಂಟ್ ಕಳಿಸ್ದೆ ಕಣೇ. ಅದು ಯಾರ ಮನೇಲಿ ದೀಪ ಹತ್ತಿಸ್ತು ಅಂತ ಒಂದು ದಿನಾನೂ ಕಣ್ಣಾರೆ ನೋಡಿರ್ಲಿಲ್ಲ. ಮೊನ್ನೆ ನೋಡ್ದೆ."

ಚಾ ಕುಡಿದೆ. ಸಕ್ಕರೆ ಹಾಕಲು ಮರೆತಿದ್ದರು, ಹೇಳಲಿಲ್ಲ.

ಐದು ಹೊಡೆಯಿತು. ಮಾವ ಕನ್ನಡಕ ಏರಿಸಿ ರೀಡಿಂಗ್ ತೆಗೆದುಕೊಳ್ಳಲು ಎದ್ದರು. ಗೋಡೆಯ ಮೇಲಿನ ರೂಟರಿನ ಕಡೆ ಹೋಗಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು, ತಂಗಿಗೆ ಇನ್ನೂ ಏನೋ ಕೈಯಾಡಿಸಿ ಹೇಳುತ್ತಿದ್ದ ಅತ್ತೆಯ ಮುಖವನ್ನು ಒಂದು ನಿಮಿಷ ನೋಡಿದರು. ವಾಪಸ್ ಬಂದು, ದಾರ ಕಟ್ಟಿದ ಪೆನ್ನು ಎತ್ತಿಕೊಂಡು ಬರೆದರು: 'ಹಸಿರು.'